ಮೂಗಿನ ನೇರಕ್ಕೆ

ನಮ್ಮ ಮನೆತನದಲ್ಲಿ ಹಿರಿಯರಿಂದ ಬಂದ ಆಸ್ತಿ ಎಂದರೆ ಎರಡೇ: ಊರಿನಲ್ಲಿ ಹತ್ತು ಗುಂಟೆ ಜಮೀನು ಮತ್ತು ಮೂಗು. ಜಮೀನು ಇನ್ನೂ ಕೋರ್ಟಿನಲ್ಲಿದೆ. ಮೂಗು ಮಾತ್ರ ಯಾವ ತಂಟೆ ತಕರಾರೂ ಇಲ್ಲದೆ ಗಂಡು ಹೆಣ್ಣೆನ್ನದೆ ಎಲ್ಲರಿಗೂ ಸಮಪಾಲು ಬಂದಿದೆ. ನಡುವೆ ಒಂದು ದಿಬ್ಬ, ಅದನ್ನು ದಾಟಿದರೆ ಇಳಿಜಾರು, ಕೊನೆಯಲ್ಲಿ ಮೇಲ್ತುಟಿಯ ಯೋಗಕ್ಷೇಮ ವಿಚಾರಿಸಲು ಬಗ್ಗಿದಂತಿರುವ ತುದಿ. ಮದುವೆಮನೆಗಳಲ್ಲಿ ನನ್ನ ಹೆಸರು ಗೊತ್ತಿಲ್ಲದವರೂ ಪಕ್ಕದಿಂದ ಒಮ್ಮೆ ನೋಡಿ, "ನೀವು ಶಾನುಭೋಗರ ಪೈಕಿ ಅಲ್ವೇ?" ಎನ್ನುತ್ತಾರೆ. ಆಧಾರ್ ಕಾರ್ಡು ಬರುವ ಮೊದಲೇ ನಮಗೆ ಆ ಸೌಕರ್ಯವಿತ್ತು.

ಹೀಗಿರುವಾಗ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅಣ್ಣನ ಮಗಳು ಪುಟ್ಟಿ ಒಂದು ಭಾನುವಾರ ಮೈಸೂರಿನ ನಮ್ಮ ಮನೆಗೆ ಬಂದು, ಎರಡು ದೋಸೆ ತಿಂದು, ಮೂರನೆಯದನ್ನು ಕಾಯುತ್ತಾ, "ಚಿಕ್ಕಪ್ಪ, ನಾನು ಮೂಗು ಸರಿ ಮಾಡಿಸ್ಕೋಬೇಕು ಅಂತಿದೀನಿ. ಡಾಕ್ಟರ ಹತ್ತಿರ ನೀವೂ ಬರ್ತೀರಾ? ಅಪ್ಪಂಗೆ ಇನ್ನೂ ಹೇಳಿಲ್ಲ" ಎಂದಳು.

ಆಪರೇಷನ್ನು ಎಂದದ್ದಕ್ಕೆ ನನಗೆ ಗಾಬರಿಯಾಗಲಿಲ್ಲ. 'ಸರಿ' ಎಂದಳಲ್ಲ, ಅದು ನೆಟ್ಟಿತು. ಎದುರಿಗೆ ಅದೇ ಮೂಗನ್ನು ಅರವತ್ತೆರಡು ವರ್ಷದಿಂದ ಹೊತ್ತವನು ಕೂತಿದ್ದೇನೆ. ನನ್ನದು ಹಾಗಾದರೆ ತಪ್ಪೇ? ನನ್ನ ಹೆಂಡತಿ ಕಾವಲಿಯ ಮುಂದಿನಿಂದ ಒಮ್ಮೆ ನನ್ನ ಮುಖ ನೋಡಿ, ಏನೂ ಹೇಳದೆ ದೋಸೆ ಮಗುಚಿದಳು. ಮೂವತ್ತೈದು ವರ್ಷದ ದಾಂಪತ್ಯದಲ್ಲಿ ಇಷ್ಟು ಸ್ಪಷ್ಟವಾದ ಅಭಿಪ್ರಾಯವನ್ನು ಅವಳು ಕೊಟ್ಟದ್ದು ಕಡಿಮೆ.

ಈ ಕಾಲದವರಿಗೆ ಇದು ದೊಡ್ಡ ವಿಷಯವೇ ಅಲ್ಲ. ನಮ್ಮ ಬೀದಿಯ ತುದಿಯಲ್ಲೇ ಚಿನ್ನದಂಗಡಿಗೂ ಹೋಳಿಗೆ ಅಂಗಡಿಗೂ ನಡುವೆ ಅಂಥದೊಂದು ಕ್ಲಿನಿಕ್ ಬಂದಿದೆ. ಬೋರ್ಡಿನಲ್ಲಿ ನಗುವ ಹುಡುಗಿ, ಕೆಳಗೆ ಕಂತಿನ ಸೌಲಭ್ಯ. ನಾವು ಫ್ರಿಜ್ಜನ್ನು ಕಂತಿನಲ್ಲಿ ತಂದೆವು, ಇವರು ಗಲ್ಲವನ್ನು ತರುತ್ತಾರೆ. ಹಣೆಯ ಗೆರೆಗೆ ಬೊಟಾಕ್ಸ್ ಚುಚ್ಚಿಸಿಕೊಂಡರೆ ಮೂರು ನಾಲ್ಕು ತಿಂಗಳು ನಿರಿಗೆ ಕಾಣುವುದಿಲ್ಲವಂತೆ. ನನ್ನ ಹಣೆಯ ಗೆರೆಗಳಲ್ಲಿ ಎರಡು ಬ್ಯಾಂಕಿನ ಆಡಿಟ್‌ನವು, ಒಂದು ಮನೆ ಕಟ್ಟಿಸಿದ್ದು. ಮೂರು ತಿಂಗಳ ಮಟ್ಟಿಗೆ ಮರೆತು ಏನು ಮಾಡಲಿ?

ಗಂಡಸರೇನೂ ಹಿಂದೆ ಬಿದ್ದಿಲ್ಲ. ನನ್ನ ಜೊತೆ ಕ್ಯಾಷ್ ಕೌಂಟರಿನಲ್ಲಿದ್ದವರೊಬ್ಬರು ನಿವೃತ್ತಿಯ ಹಣದಲ್ಲಿ ತಲೆಯ ಹಿಂಭಾಗದ ಕೂದಲನ್ನು ಬುಡಸಮೇತ ಕಿತ್ತು ಮುಂದಕ್ಕೆ ನಾಟಿ ಮಾಡಿಸಿಕೊಂಡರು. ಭತ್ತದ ಸಸಿಯ ಹಾಗೆಯೇ, ಒಂದೊಂದೇ. ಮೂರನೇ ವಾರಕ್ಕೆ ನೆಟ್ಟದ್ದೆಲ್ಲ ಉದುರಿತು. ಅವರು ಹೌಹಾರಿ ಓಡಿದರೆ ಡಾಕ್ಟರು, "ಅದು ಹಾಗೇ ಸ್ವಾಮಿ, ಮೊದಲು ಉದುರಿ ಆಮೇಲೆ ಬರುತ್ತೆ" ಎಂದರಂತೆ. ನಿಜವೇ, ಅದರ ಕ್ರಮವೇ ಹಾಗೆ; ಬುಡ ಒಳಗಿರುತ್ತದೆ, ತಿಂಗಳುಗಳ ಮೇಲೆ ಮೊಳೆಯುತ್ತದೆ, ಪೂರ್ತಿ ಫಸಲಿಗೆ ಒಂದು ವರ್ಷ. ಆ ಒಂದು ವರ್ಷ ಅವರು ಟೋಪಿ ಹಾಕಿಕೊಂಡೇ ವಾಕಿಂಗಿಗೆ ಬಂದರು. ಈ ನಾಟಿ ಕೆಲಸಕ್ಕೆ ಯಾರು ಬೇಕಾದರೂ ಕೈಹಾಕುತ್ತಿದ್ದಾರೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ, ಯೂಟ್ಯೂಬ್ ನೋಡಿ ಕಲಿತದ್ದು ಸಾಲದು ಎಂದು ಬರೆದೇ ಹೇಳಬೇಕಾಯಿತು. ಅನ್ನದ ಸಾರನ್ನು ಯೂಟ್ಯೂಬ್ ನೋಡಿ ಮಾಡಿದ ನನಗೆ ಆ ಮಾತಿನ ತೂಕ ಗೊತ್ತು.

ಪುಟ್ಟಿಯ ಮನಸ್ಸು ತಿರುಗಿಸಲು ಹೆದರಿಕೆಯ ಸಂಗತಿಗಳು ಬೇಕೆಂದು ಆ ರಾತ್ರಿ ಹುಡುಕಲು ಕೂತೆ. ಹೆದರಿಕೆ ಸಿಕ್ಕಿತು. ಅದೇ 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ 21 ವರ್ಷದ ಕಿರುತೆರೆ ನಟಿಯೊಬ್ಬಳು ತೀರಿಕೊಂಡದ್ದನ್ನು ಮತ್ತೆ ಓದಿದೆ. ಅದನ್ನು ವಾದಕ್ಕೆ ಬಳಸಲು ಮನಸ್ಸು ಬರಲಿಲ್ಲ. ಯಾರದೋ ಮನೆಯ ಮಗು.

ಮುಂದೆ ಹುಡುಕಿದಾಗ ಸಿಕ್ಕಿದವನು ಕಾವಸ್‌ಜಿ. ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಮರಾಠಿಯವನು. 1792ರ ಸುಮಾರಿಗೆ ಟಿಪ್ಪುವಿನ ಕಡೆಯವರ ಕೈಗೆ ಸಿಕ್ಕಿ, ಮೂಗು ಮತ್ತು ಒಂದು ಕೈ ಕಳೆದುಕೊಂಡ. ವರ್ಷದ ಮೇಲೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಕುಲದವನೊಬ್ಬ ಅವನಿಗೆ ಹೊಸ ಮೂಗು ಕೂರಿಸಿದ. ಮೊದಲು ಮೇಣದ ತೆಳು ಹಾಳೆಯಿಂದ ಮೂಗಿನ ಮಾದರಿ. ಅದನ್ನು ಬಿಡಿಸಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆದು, ಅಷ್ಟಗಲ ಚರ್ಮವನ್ನು ಎಬ್ಬಿಸಿ, ಹುಬ್ಬುಗಳ ನಡುವೆ ಮಾತ್ರ ಅಂಟಿಕೊಂಡಿರುವಂತೆ ಬಿಟ್ಟು ಕೆಳಕ್ಕೆ ತಿರುಗಿಸಿ ಕೂರಿಸುವುದು. ಹೊಲಿಗೆಯಿಲ್ಲ. ಅಂಟಿಗೆ ಏನು ಗೊತ್ತೇ? ನಮ್ಮ ಎಲೆಯಡಿಕೆ ತಟ್ಟೆಯ ಕಾಚು! ನೀರಲ್ಲಿ ಕದಡಿದ ಕಾಚನ್ನು ಬಟ್ಟೆಪಟ್ಟಿಗಳಿಗೆ ಬಳಿದು ಒಂದರ ಮೇಲೊಂದು ಹಾಕಿದರು. ನಾಲ್ಕು ದಿನವಾದ ಮೇಲೆ ಅದನ್ನು ತೆಗೆದು ತುಪ್ಪದಲ್ಲಿ ಅದ್ದಿದ ಬಟ್ಟೆ. ಇಷ್ಟೆಲ್ಲ ಪ್ರಜ್ಞೆ ತಪ್ಪಿಸುವ ಮದ್ದು ಹುಟ್ಟುವುದಕ್ಕೆ ಮೊದಲು. 1794ರಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್‌ನಲ್ಲಿ ಇದರ ವರದಿ ಬಂತು. ಅದನ್ನು ನೋಡಿ ಜೋಸೆಫ್ ಕಾರ್ಪ್ಯೂ ಎಂಬ ಡಾಕ್ಟರು ಹೆಣಗಳ ಮೇಲೆ ಅಭ್ಯಾಸ ಮಾಡಿ, ಇಪ್ಪತ್ತು ವರ್ಷದ ನಂತರ, 1814ರಲ್ಲಿ, ಜೀವಂತ ಮನುಷ್ಯನಿಗೆ ಮಾಡಿದ. ಸುಶ್ರುತ ಎಲೆಯಿಂದ ಅಳತೆ ತೆಗೆದು ಕೆನ್ನೆಯ ಚರ್ಮದಿಂದ ಮೂಗು ಮಾಡುವುದನ್ನು ಹೇಳಿದ್ದು ಅದಕ್ಕೂ ಎಷ್ಟೋ ಹಿಂದಿನ ಮಾತು.

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ನಮ್ಮಜ್ಜಿ ಜಗಳವಾದಾಗಲೆಲ್ಲ ಹೇಳುತ್ತಿದ್ದಳು. ಬರುತ್ತದಜ್ಜಿ, ಪುಣೆಗೆ ಹೋಗಬೇಕು ಅಷ್ಟೆ.

ಆದರೆ ಕಾವಸ್‌ಜಿಗೆ ಮೂಗೇ ಇರಲಿಲ್ಲ. ನಮ್ಮ ಪುಟ್ಟಿಗೆ ಇರುವುದು ಹೆಚ್ಚಾಗಿದೆ. ವಿಮೆ ಕಂಪನಿಗಳೂ ಈ ಭೇದವನ್ನು ಚೆನ್ನಾಗಿ ಬಲ್ಲವು. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಎಂದರೆ ಹಣ ಉಂಟು, ಚೆಂದಕ್ಕಾದರೆ ಇಲ್ಲ. ಶಾನುಭೋಗರ ವಂಶದಲ್ಲಿ ಹುಟ್ಟಿದ್ದನ್ನು ಅಪಘಾತವೆಂದು ಅರ್ಜಿ ಹಾಕಬಹುದೇ ಎಂದು ಪುಟ್ಟಿಯೇ ಕೇಳಿದಳು.

ಕ್ಲಿನಿಕ್ಕಿಗೆ ಹೋದೆವು. ಕೌಂಟರಿನ ಹುಡುಗಿ ನಮ್ಮಿಬ್ಬರನ್ನೂ ನೋಡಿ, ಫಾರಮ್ಮನ್ನು ನೇರವಾಗಿ ನನ್ನ ಕೈಗೆ ಕೊಟ್ಟಳು. "ನನಗಲ್ಲಮ್ಮ" ಎಂದೆ. "ಪರವಾಗಿಲ್ಲ ಸರ್, ಈಗ ಎಲ್ಲಾ ವಯಸ್ಸಿನವರೂ ಬರ್ತಾರೆ" ಎಂದು ಧೈರ್ಯ ತುಂಬಿದಳು.

ಡಾಕ್ಟರು ಐವತ್ತರ ಆಸುಪಾಸಿನ, ಸಮಾಧಾನದ ಹೆಂಗಸು. ಪುಟ್ಟಿ ಮೊಬೈಲಿನಲ್ಲಿ ತನ್ನದೇ ಫೋಟೋಗಳನ್ನು ತೋರಿಸಿದಳು. ಅವರು ಅದನ್ನು ಪಕ್ಕಕ್ಕಿಟ್ಟು, "ಒಂದಡಿ ದೂರದಿಂದ ತೆಗೆದ ಸೆಲ್ಫಿಯಲ್ಲಿ ಮೂಗು ಸುಮಾರು ಶೇಕಡ 30ರಷ್ಟು ಅಗಲ ಕಾಣುತ್ತೆ. ಐದಡಿ ದೂರ ನಿಂತು ನೋಡೋವ್ರಿಗೆ ಹಾಗೆ ಕಾಣಲ್ಲ" ಎಂದರು. ನಾನು ಗೆದ್ದೆನೆಂದು ನೆಟ್ಟಗೆ ಕೂತೆ. ಆಮೇಲೆ ಅವರು ಅಳತೆಯ ಫೋಟೋ ತೆಗೆದು, "ದಿಬ್ಬ ಇದೆ, ಅದು ಕ್ಯಾಮರಾದ್ದಲ್ಲ" ಎಂದರು. ನಾನು ಮೊದಲಿನಂತೆ ಒರಗಿ ಕೂತೆ. ಎಲುಬು ಎಷ್ಟು ತೆಗೆಯಬೇಕು, ಉಸಿರಾಟಕ್ಕೆ ತೊಂದರೆಯಾಗದಂತೆ ನೋಡಬೇಕು, ಬಾವು ಪೂರ್ತಿ ಇಳಿಯಲು ಒಂದು ವರ್ಷವಾದರೂ ಬೇಕು ಎಂದೆಲ್ಲ ಬಿಡಿಸಿ ಹೇಳಿ, ಕೊನೆಗೆ ಕೇಳಿದರು: "ಯಾರಾದ್ರೂ ಏನಾದ್ರೂ ಅಂದ್ರಾ?"

"ಸ್ಕೂಲಲ್ಲಿ ಗಿಣಿ ಅಂತಿದ್ರು. ಈಗ ಯಾರೂ ಏನೂ ಅನ್ನಲ್ಲ. ಎಂಟನೇ ಕ್ಲಾಸಿಂದ ನಾನು ಪಕ್ಕದಿಂದ ಫೋಟೋ ತೆಗೆಸ್ಕೊಂಡಿಲ್ಲ ಡಾಕ್ಟರ್."

ನಮ್ಮ ಮನೆಯ ಆಲ್ಬಮ್ಮುಗಳನ್ನು ನೆನೆದೆ. ಹೌದು, ಎಲ್ಲದರಲ್ಲೂ ಅವಳು ಎದುರಿಗೇ ನೋಡುತ್ತಿದ್ದಾಳೆ. ಜಾಣ ಹುಡುಗಿ, ಧೈರ್ಯವಾಗಿ ಕ್ಯಾಮರಾ ನೋಡುತ್ತಾಳೆ ಎಂದು ಇಷ್ಟು ವರ್ಷ ಹೇಳಿಕೊಂಡು ತಿರುಗಿದವನು ನಾನೇ. ಮೂರು ತಿಂಗಳ ಮಗುವಾಗಿದ್ದಾಗ ಇವಳ ಕಿವಿ ಚುಚ್ಚಿಸಲು ಅಕ್ಕಸಾಲಿಗರ ಅಂಗಡಿಯಲ್ಲಿ ತೊಡೆಯ ಮೇಲೆ ಹಿಡಿದು ಕೂತವನೂ ನಾನೇ. ಆಗ ಅವಳನ್ನು ಯಾರೂ ಒಂದು ಮಾತು ಕೇಳಿರಲಿಲ್ಲ.

"ಮೂರು ತಿಂಗಳು ಬಿಟ್ಟು ಬಾ. ಆಗಲೂ ಬೇಕು ಅನ್ನಿಸಿದ್ರೆ ಮಾಡೋಣ" ಎಂದರು ಡಾಕ್ಟರು. ಬಾಗಿಲವರೆಗೆ ಬಂದು ನನ್ನನ್ನು ನೋಡಿ, "ನಿಮ್ಮ ಕಣ್ಣಿನ ಕೆಳಗಿನ ಚೀಲ ಬೇಕಾದ್ರೆ ಸುಲಭವಾಗಿ ತೆಗೀಬಹುದು" ಎಂದರು. ಕೌಂಟರಿನ ಹುಡುಗಿ ಕೊಟ್ಟ ಕರಪತ್ರವನ್ನು ಬೇಡವೆನ್ನಲಾರದೆ ಜೇಬಿಗೆ ಹಾಕಿಕೊಂಡೆ. ಅದು ಈಗ ಪಂಚಾಂಗದ ಒಳಗಿದೆ. ಎರಡು ಸಲ ಓದಿದ್ದೇನೆ.

ಮೂರು ತಿಂಗಳು ಕಳೆದು ಮೊನ್ನೆ ಪುಟ್ಟಿ ಫೋನ್ ಮಾಡಿದಳು. ದಿನ ಗೊತ್ತು ಮಾಡಿದ್ದಾಳಂತೆ, ಅವಳಪ್ಪನೂ ಎರಡು ದಿನ ಮಾತು ಬಿಟ್ಟು ಆಮೇಲೆ ರಜ ಹಾಕಿದ್ದಾನಂತೆ. ಸ್ಪೀಕರಿನಲ್ಲಿ ಕೇಳಿಸಿಕೊಳ್ಳುತ್ತಿದ್ದ ನನ್ನ ಹೆಂಡತಿ, ಆಗಲೇ ಬೆಣ್ಣೆ ಕಾಯಿಸಲು ಎದ್ದವಳು, "ಚಿಕ್ಕಪ್ಪನ ಕೈಲಿ ಒಂದು ಡಬ್ಬ ತುಪ್ಪ ಕಳಿಸ್ತೀನಿ ಪುಟ್ಟಿ" ಎಂದಳು.

"ತಿನ್ನೋಕೋ, ಹಚ್ಚೋಕೋ?" ಎಂದೆ ನಾನು.