ಜಲಮಿತವ್ಯಯ ಸ್ಪರ್ಧಾಮೀಮಾಂಸೆ: ಅಪಾರ್ಟ್‌ಮೆಂಟ್ ಖಂಡ

ಬೃಹನ್ನಗರವಾಸಿಗಳಲ್ಲಿ ಅಂತರ್ನಿಹಿತವಾಗಿರುವ ಜಲಮಿತವ್ಯಯೋನ್ಮುಖ ಪ್ರವೃತ್ತಿಯನ್ನು ಸೌಹಾರ್ದಯುತ ಸ್ಪರ್ಧಾತ್ಮಕ ಪರಿಸರದ ಮೂಲಕ ಉದ್ದೀಪನಗೊಳಿಸುವ ಬಹುಆಯಾಮಿ, ಬಹುಸ್ತರೀಯ ಹಾಗೂ ಬಹುಪಾಲು ಪವರ್‌ಪಾಯಿಂಟ್ ಆಶ್ರಿತ ಪ್ರಕ್ರಿಯೆಗೆ ‘ಜಲಸ್ಪರ್ಧೆ’ ಎಂದು ಹೆಸರು. ನೀರು ಉಳಿಸಿದವರಿಗೆ ಬಹುಮಾನ ಎಂದರೂ ಅರ್ಥವಾಗುತ್ತಿತ್ತು. ಆದರೆ ಅಷ್ಟೇ ಅಂದರೆ ಕಾರ್ಯಾಗಾರ ನಡೆಸುವುದು ಕಷ್ಟ.

ಶಾಸ್ತ್ರಕ್ಕೆ ಪ್ರಮಾಣಗಳುಂಟು. 2007ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಕಾಬ್ ಕೌಂಟಿಯಲ್ಲಿ ಸಾವಿರಾರು ಮನೆಗಳಿಗೆ ಒಂದು ಪತ್ರ ಹೋಯಿತು: ನೀವು ಇಷ್ಟು ನೀರು ಬಳಸಿದ್ದೀರಿ, ನೆರೆಹೊರೆಯವರು ಇಷ್ಟು. ಅಷ್ಟಕ್ಕೇ ಬಳಕೆ ಸುಮಾರು ಶೇ 5ರಷ್ಟು ಇಳಿಯಿತು. (ದಿನ ಕಳೆದಂತೆ ನಾಚಿಕೆಯೂ ಇಳಿಯಿತು ಎಂಬುದನ್ನು ಸ್ಲೈಡ್‌ಗಳಲ್ಲಿ ತೋರಿಸುವ ವಾಡಿಕೆಯಿಲ್ಲ.) ಬರದಲ್ಲಿ ಬೆಂದ ಕೇಪ್‌ಟೌನ್ 2018ರಲ್ಲಿ ನಗರದ ನಕ್ಷೆಯನ್ನೇ ಬಹಿರಂಗಪಡಿಸಿ, ಮಿತವಾಗಿ ಬಳಸಿದ ಮನೆಗಳ ಮೇಲೆ ಹಸಿರು ಚುಕ್ಕಿ ಇಟ್ಟಿತು. 2024ರಲ್ಲಿ ಕೊಳವೆಬಾವಿಗಳು ಕೈಕೊಟ್ಟಾಗ ಬೆಂಗಳೂರು ಜಲಮಂಡಳಿಯೂ ‘ಗ್ರೀನ್ ಸ್ಟಾರ್ ಚಾಲೆಂಜ್’ ಘೋಷಿಸಿತು. ಜೊತೆಗೆ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ ₹5,000 ದಂಡ. ಒಂದು ಕೈಯಲ್ಲಿ ನಕ್ಷತ್ರ, ಇನ್ನೊಂದರಲ್ಲಿ ರಸೀದಿ ಪುಸ್ತಕ.

ಸ್ಪರ್ಧಾಳುಗಳನ್ನು ಏಳು ವರ್ಗಗಳಾಗಿ ವಿಂಗಡಿಸತಕ್ಕದ್ದು. (ಕ) ಘೋಷಣಾತ್ಮಕ ಮಿತವ್ಯಯಿ: ವಾಟ್ಸಾಪ್ ಗುಂಪಿನಲ್ಲಿ ಹನಿಹನಿಯ ಮಹತ್ವವನ್ನು ಫಾರ್ವರ್ಡ್ ಮಾಡುತ್ತಾನೆ. ಅದೇ ಹೊತ್ತಿಗೆ ಅವನ ಅಡುಗೆಮನೆಯಲ್ಲಿ ಆರ್‌ಓ ಯಂತ್ರದ ತೆಳು ನಳಿಕೆ, ಒಂದು ಲೋಟ ಶುದ್ಧ ನೀರಿಗೆ ಎರಡು ಮೂರು ಲೋಟವನ್ನು ಸಿಂಕಿಗೆ ಸುರಿಸುತ್ತಿರುತ್ತದೆ. ಅದರಡಿ ಒಂದು ಬಕೆಟ್ ಇಟ್ಟರೆ ನೆಲ ಒರೆಸಲು ಸಾಕು. ಇಡುವುದಿಲ್ಲ. (ಖ) ವಿಧ್ಯುಕ್ತ ಮಿತವ್ಯಯಿ: ನಲ್ಲಿಗೆ ಹರಿವು ತಗ್ಗಿಸುವ ಏರೇಟರ್ ಹಾಕಿಸಿ, ಫೋಟೊ ತೆಗೆಸಿ, ನೀರು ಸಾಲುತ್ತಿಲ್ಲವೆಂದು ಮರುದಿನ ಬಿಚ್ಚಿಸುತ್ತಾನೆ. (ಗ) ಅಗೋಚರ ಸ್ಪರ್ಧಿ: ಭೂಗತ ಕೊಳವೆ. ತೊರೆಕಾಡನಹಳ್ಳಿಯಿಂದ ಮೂರು ಹಂತದಲ್ಲಿ ಪಂಪ್ ಮಾಡಿ, ಸುಮಾರು 100 ಕಿ.ಮೀ. ದೂರದಿಂದ ಬೆಂಗಳೂರಿಗೆ ತಂದ ಕಾವೇರಿ ನೀರಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಸೋರಿಕೆ, ಕಳ್ಳ ಸಂಪರ್ಕ ಎಂದು ಲೆಕ್ಕ ತಪ್ಪಿಹೋಗುತ್ತಿತ್ತು. ಇವನಿಗೆ ನಾಚಿಕೆಪತ್ರ ಬರೆದವರಿಲ್ಲ. ಉಳಿದ ನಾಲ್ಕು ವರ್ಗಗಳನ್ನು ಓದುಗರು ತಂತಮ್ಮ ಲಿಫ್ಟಿನಲ್ಲೇ ಗುರುತಿಸಿಕೊಳ್ಳಲಿ.

ಇನ್ನು ವಿಧಾನಶಾಸ್ತ್ರ. ನಗರದ ಎಷ್ಟೋ ವಸತಿ ಸಮುಚ್ಚಯಗಳಲ್ಲಿ ಇಡೀ ಕಟ್ಟಡಕ್ಕೆ ಒಂದೇ ಮೀಟರು. ಬಿಲ್ಲು ನಿರ್ವಹಣಾ ಶುಲ್ಕದೊಳಗೆ ಕರಗಿಹೋಗುತ್ತದೆ. ಟಬ್ ತುಂಬಿಸಿ ಸ್ನಾನ ಮಾಡುವ ನಾಲ್ಕನೇ ಮಹಡಿಯವನೂ, ಅಕ್ಕಿ ತೊಳೆದ ನೀರನ್ನು ತುಳಸಿಗೆ ಹಾಕುವ ಎರಡನೇ ಮಹಡಿಯ ಅಜ್ಜಿಯೂ ಅಷ್ಟೇ ತೆರಬೇಕು. ಅಳೆಯದೆ ಗೆದ್ದವರನ್ನು ಆರಿಸುವುದು ಹೇಗೆ? ಆದ್ದರಿಂದ ರಂಗೋಲಿ ಸ್ಪರ್ಧೆ ಇಡುತ್ತಾರೆ. ವಿಷಯ: ‘ನೀರು ಉಳಿಸಿ’. ತೀರ್ಪು ಬಂದ ಮೇಲೆ ಪೈಪು ಹಿಡಿದು ಅಂಗಳ ತೊಳೆಯಲಾಗುತ್ತದೆ.

ಮೀಟರು ಇದ್ದರೂ ಅಜ್ಜಿ ಗೆಲ್ಲುವುದಿಲ್ಲ. ಸ್ಪರ್ಧೆ ಅಳೆಯುವುದು ಕಡಿತವನ್ನು. ನಿನ್ನೆ ಸಾವಿರ ಲೀಟರ್ ಚೆಲ್ಲಿದವನು ಇವತ್ತು ಏಳುನೂರು ಚೆಲ್ಲಿದರೆ ಶೇ 30ರ ಸಾಧಕ, ಶಾಲು, ಹಾರ. ಮೊದಲಿನಿಂದಲೂ ನಾಲ್ಕು ಕೊಡದಲ್ಲಿ ಸಂಸಾರ ತೂಗಿಸಿದವಳ ಸಾಧನೆ ಸೊನ್ನೆ. ಇದಕ್ಕೆ ಸೌಹಾರ್ದವೆನ್ನುತ್ತಾರಂತೆ!

ಇನ್ನು ಪಂದ್ಯದ ಹೊರಗೇ ಉಳಿದವರು. 2007ರಲ್ಲಿ 110 ಹಳ್ಳಿಗಳನ್ನು ಬೆಂಗಳೂರು ತನ್ನೊಳಗೆ ಸೇರಿಸಿಕೊಂಡಿತು. ಅವುಗಳಿಗೆ ನೀರು ಕೊಡಲೆಂದು ರೂಪಿಸಿದ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ನಡುವಿನ 17 ವರ್ಷ ಹೆಚ್ಚಿನವರಿಗೆ ಕೊಳವೆಬಾವಿ, ಅದು ಬತ್ತಿದರೆ ಟ್ಯಾಂಕರ್. 2024ರ ಮಾರ್ಚ್‌ನಲ್ಲಿ ಜಿಲ್ಲಾಡಳಿತ ಕಡಿವಾಣ ಹಾಕಿದ ಮೇಲಿನ ದರವೇ 12,000 ಲೀಟರಿಗೆ ₹1,000. ಅಂದರೆ ಸಾವಿರ ಲೀಟರಿಗೆ ₹83. ಕಾವೇರಿ ನಲ್ಲಿಯಿದ್ದ ಮನೆಗೆ ಆಗ ಮೊದಲ 8,000 ಲೀಟರ್‌ವರೆಗೆ ಸಾವಿರಕ್ಕೆ ₹7. ಟ್ಯಾಂಕರ್ ಬರುವ ದಿನ ಕೂಲಿ ಬಿಟ್ಟು, ನೀಲಿ ಡ್ರಮ್ಮುಗಳನ್ನು ಬೀದಿಗೆ ಉರುಳಿಸಿ, ಬಟ್ಟೆ ಒಗೆದ ನೀರನ್ನೇ ಕಕ್ಕಸಿಗೆ ಎತ್ತಿಟ್ಟು, ಹನ್ನೆರಡು ಪಟ್ಟು ಹಣ ತೆತ್ತ ಹೆಂಗಸಿಗೆ ಏರೇಟರಿನ ಉಪಯೋಗ ವಿವರಿಸಲು ಹೋಗುವವರ ಎದೆಗಾರಿಕೆ ದೊಡ್ಡದು. ಅವಳಿಗೆ ನಕ್ಷತ್ರ ಬೇಡ. ಸೋರುವ ಕೊಳವೆ ಬದಲಾಯಿಸಿ, ಫ್ಲ್ಯಾಟು ಫ್ಲ್ಯಾಟಿಗೂ ಮೀಟರು ಕೂರಿಸಿ, ಅವಳ ಬೀದಿಗೆ ನೀರು ಯಾವ ದಿನ, ಎಷ್ಟು ಗಂಟೆಗೆ ಬಿಡುತ್ತಾರೆಂದು ಮೊದಲು ಹೇಳಿ. ಪಂದ್ಯಕ್ಕೆ ಅವಳು ಆಮೇಲೆ ಬರುತ್ತಾಳೆ.