ಪಕ್ಕದ ಕೋಣೆಯ ಹಾಡು

ರೇಡಿಯೋ ಕಾಲದ ಮನೆಗಳಲ್ಲಿ ಹಾಡು ಕೇಳುವವರು ಎರಡು ಬಗೆ. ಪೆಟ್ಟಿಗೆಯ ಮುಂದೆ ಆರಾಮಕುರ್ಚಿ ಹಾಕಿಕೊಂಡು, ಮುಳ್ಳು ತಿರುಗಿಸುವ ಅಧಿಕಾರ ತಮ್ಮದೇ ಎಂದು ಕೂತವರು ಒಂದು ಬಗೆ. ಒಳಗೆ ಒಗ್ಗರಣೆ ಹಾಕುತ್ತಲೋ, ಬಚ್ಚಲಲ್ಲಿ ಹಂಡೆಯ ಉರಿ ಮುಂದುಮಾಡುತ್ತಲೋ ಕಿವಿಗೆ ಬಿದ್ದಷ್ಟನ್ನು ಕೇಳಿಸಿಕೊಂಡವರು ಇನ್ನೊಂದು ಬಗೆ. ಮೊದಲನೆಯವರಿಗೆ ರಾಗ, ತಾಳ, ಪಕ್ಕವಾದ್ಯದವರ ಹೆಸರು ಎಲ್ಲವೂ ಗೊತ್ತಿರುತ್ತಿತ್ತು. ಹಾಡು ಮಾತ್ರ ಎರಡನೆಯವರಿಗೆ ಬರುತ್ತಿತ್ತು.

ಸಂಗೀತವನ್ನು ಮನೆಯಲ್ಲಿಟ್ಟುಕೊಂಡು ತಂತಿಯಿಲ್ಲದೆ ಬೇರೆ ಕಡೆಗೆ ಕಳಿಸುವ ವಿದ್ಯೆ ಈಗಷ್ಟೇ ಬಂದದ್ದು ಎಂದರೆ ಮೈಸೂರಿನವನಾದ ನಾನು ಒಪ್ಪುವುದಿಲ್ಲ. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಪ್ರೇಷಕಯಂತ್ರ ಇಟ್ಟುಕೊಂಡು ಊರಿಗೆಲ್ಲ ಬಾನುಲಿ ಕೇಳಿಸಿದರು. ‘ಆಕಾಶವಾಣಿ’ ಎಂದು ಆ ನಿಲಯಕ್ಕಿಟ್ಟ ಹೆಸರು ಮುಂದೆ ದೇಶದ ರೇಡಿಯೋಗೇ ಆಯಿತು. ಅವರ ಮನೆಯ ಸಂಗೀತ ಬೀದಿ ದಾಟಿ, ಪೇಟೆ ದಾಟಿ ಹೋಯಿತು. 90 ವರ್ಷ ಕಳೆದ ಮೇಲೆ ಅದೇ ಊರಿನಲ್ಲಿ ನಮ್ಮ ಮನೆಯ ಸಂಗೀತಕ್ಕೆ ಹಾಲಿನಿಂದ ಅಡುಗೆಮನೆಗೆ ಹೋಗುವಷ್ಟರಲ್ಲಿ ಏದುಸಿರು.

ಹಾಡುಗಳನ್ನು ವೈ-ಫೈನಲ್ಲಿ ಕೋಣೆಕೋಣೆಗೂ ಕಳಿಸುವ ನಮ್ಮ ಮನೆಯ ವ್ಯವಸ್ಥೆಗೆ ಎಂಜಿನಿಯರು ಮಗ. ಪರದೆ ಒಡೆದು ಮೂಲೆ ಸೇರಿದ್ದ ಅವನ ಹಳೆಯ ಲ್ಯಾಪ್‌ಟಾಪಿಗೆ ಸರ್ವರ್ ಎಂದು ಬಡ್ತಿ ಸಿಕ್ಕಿ, ಅದು ಟೀವಿ ಸ್ಟ್ಯಾಂಡಿನ ಕೆಳಗೆ ಕೂತಿದೆ. ಅದರಲ್ಲಿರುವುದು ಲಿರಿಯನ್ ಮ್ಯೂಸಿಕ್ ಸರ್ವರ್ ಎಂಬ ಉಚಿತ ತಂತ್ರಾಂಶ. ಇದು ಹಾಡು ನುಡಿಸುವ ಯಾವ ಪೆಟ್ಟಿಗೆಗಳಿಗಾಗಿ ಹುಟ್ಟಿತ್ತೋ ಅವುಗಳ ತಯಾರಿಕೆ 2012ರಲ್ಲೇ ನಿಂತರೂ, ಪ್ರೀತಿಗಾಗಿ ದುಡಿಯುವ ಮಂದಿ ತಂತ್ರಾಂಶವನ್ನು ಇನ್ನೂ ಬದುಕಿಸಿಕೊಂಡು ಬಂದಿದ್ದಾರೆ. ಪ್ರತಿ ಕೋಣೆಯಲ್ಲೂ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಒಂದು ಕಂಪ್ಯೂಟರು, ಅದಕ್ಕೆ ಅಟ್ಟದಿಂದಿಳಿದ ಹಳೆಯ ಸ್ಪೀಕರು. ಹಾಡು ಗಾಳಿಯಲ್ಲಿ ಬರುತ್ತದೆ, ಸರಿ, ಕರೆಂಟು ಬರುವುದಿಲ್ಲವಲ್ಲ! ಒಂದೊಂದಕ್ಕೂ ಒಂದು ಅಡಾಪ್ಟರು, ಎಲ್ಲ ಅಡಾಪ್ಟರುಗಳಿಗೂ ಎಕ್ಸ್‌ಟೆನ್ಷನ್ ಬೋರ್ಡು. ಅಪ್ಪ ದೇವರಮನೆಯ ಬಾಗಿಲಲ್ಲಿ ಕಾಲಿಗೆ ತೊಡರಿದ್ದನ್ನು ಎತ್ತಿ ಹಿಡಿದು, “ವೈರೇ ಇರಲ್ಲ ಅಂದ್ಯಲ್ಲೋ, ಇದೇನು ಮತ್ತೆ, ಜನಿವಾರವೇ?” ಎಂದು ಮೊಮ್ಮಗನನ್ನು ಕೇಳಿದರು.

ಹಾಡುಗಳ ಸಂಗ್ರಹ ಮುಕ್ಕಾಲು ಪಾಲು ಅಪ್ಪನ ಕ್ಯಾಸೆಟ್ಟುಗಳದು. 90 ನಿಮಿಷದ ಒಂದು ಕ್ಯಾಸೆಟ್ಟು ಸಾಧಾರಣ ಗುಣಮಟ್ಟದ ಎಂಪಿ3 ಆದರೆ ಸುಮಾರು 90 ಎಂಬಿ. ಹೀಗಾಗಿ ಒಂದು ಬೀರುವಿನ ಸಂಗೀತ ಉಗುರಿನಗಲದ ಕಾರ್ಡಿನಲ್ಲಿ ಹಿಡಿಸಿ ಇನ್ನೂ ಜಾಗ ಉಳಿಯಿತು. ಕಷ್ಟವಿದ್ದದ್ದು ಹೆಸರು ಬರೆಯುವುದರಲ್ಲಿ. ತಂತ್ರಾಂಶ ಮೊದಲು ಕೇಳುವುದೇ ಆರ್ಟಿಸ್ಟ್ ಯಾರು ಎಂದು. ಭಾವಗೀತೆಗೆ ಏನು ಹೇಳೋಣ? 1978ರ ‘ನಿತ್ಯೋತ್ಸವ’ ಕ್ಯಾಸೆಟ್ಟಿಗೆ ಕವಿ ನಿಸಾರ್ ಅಹಮದ್ ಎನ್ನಬೇಕೋ, ರಾಗ ಹಾಕಿದ ಮೈಸೂರು ಅನಂತಸ್ವಾಮಿ ಎನ್ನಬೇಕೋ? ಎಂ.ಎಸ್. ಸುಬ್ಬುಲಕ್ಷ್ಮಿಯವರಂತೂ ನಮ್ಮ ಸರ್ವರಿನಲ್ಲಿ ಮೂವರು. ಚುಕ್ಕಿ ಇಟ್ಟವರು ಒಬ್ಬರು, ಚುಕ್ಕಿ ಇಡದವರು ಒಬ್ಬರು, ಬರಿಯ ‘ಎಂ.ಎಸ್.’ ಒಬ್ಬರು. ಅಮ್ಮನಿಗೆ ಈ ಯಾವುದೂ ಬೇಡ. ಅವಳು ಕೇಳುವುದು, “ಭೈರವಿ ಇದೆಯೇನೋ?” ರಾಗಕ್ಕೆ ಅಲ್ಲಿ ಕಲಮೇ ಇರಲಿಲ್ಲ. ಮಗ ರಾಗಗಳನ್ನೆಲ್ಲ ‘ಪ್ರಕಾರ’ ಎಂಬ ಕಲಮಿನೊಳಗೆ ತುರುಕಿದ. ಈಗ ನಮ್ಮ ಮನೆಯಲ್ಲಿ ಜಾಜ್, ರಾಕ್, ಭೈರವಿ, ಹಿಪ್‌ಹಾಪ್, ಕಾಂಬೋಧಿ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತವೆ.

ದೊರೆಸ್ವಾಮಿ ಅಯ್ಯಂಗಾರರ ವೀಣೆಯನ್ನು ಅಪ್ಪ ರೇಡಿಯೋದಿಂದ ಟೇಪಿಗೆ ಹಿಡಿದಿಟ್ಟಿದ್ದರು. 45 ನಿಮಿಷಕ್ಕೆ ಕ್ಯಾಸೆಟ್ಟಿನ ಮಗ್ಗುಲು ಮುಗಿದು ತಾನ ನಟ್ಟನಡುವೆ ತುಂಡಾಗುತ್ತದೆ. ಫೈಲಿನಲ್ಲೂ ತುಂಡು ಹಾಗೇ ಉಳಿದಿದೆ. ಅಲ್ಲಿಂದ ಮುಂದಕ್ಕೆ ಅದು ತಾನಾಗಿಯೇ ಹರಿಯುತ್ತದೆ, ಯಾರೂ ಏನೂ ಮಾಡಬೇಕಿಲ್ಲ. ಆದರೂ ಆ ಜಾಗ ಹತ್ತಿರ ಬಂದಾಗ ಅಪ್ಪ ಕನ್ನಡಕ ಸರಿಮಾಡಿಕೊಳ್ಳುತ್ತಾರೆ, ಪಂಚೆ ಎತ್ತಿ ಹಿಡಿಯುತ್ತಾರೆ, ಕುರ್ಚಿಯ ತುದಿಗೆ ಸರಿಯುತ್ತಾರೆ. ಮಗ್ಗುಲು ಬದಲಿಸಲು ಏಳಬೇಕಲ್ಲ!

ಎಲ್ಲ ಕೋಣೆಗಳಲ್ಲೂ ಒಂದೇ ಹಾಡು ಒಟ್ಟಿಗೆ ಬರಬೇಕೆಂದರೆ ಕೆಲಸ ಇನ್ನೂ ಸೂಕ್ಷ್ಮ. ಹಾಡು ವೈ-ಫೈನಲ್ಲಿ ಚೂರುಚೂರಾಗಿ ಹೊರಡುತ್ತದೆ. ಒಂದು ಚೂರು ಬೇಗ, ಒಂದು ತಡ. ಅದಕ್ಕೇ ಪ್ರತಿ ಪೆಟ್ಟಿಗೆಯೂ ಸ್ವಲ್ಪ ಹಾಡನ್ನು ಮುಂಚೆಯೇ ಕೂಡಿಟ್ಟುಕೊಂಡು, ಗೊತ್ತಾದ ಗಳಿಗೆಗೆ ಬಿಡುತ್ತದೆ. ಆದರೆ ಆ ಗಳಿಗೆ ನೋಡುವ ಗಡಿಯಾರಗಳೇ ಒಂದಕ್ಕೊಂದು ಹೊಂದುವುದಿಲ್ಲ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸವಿದ್ದರೂ ಗಂಟೆಯೊಳಗೆ ಒಂದು ಪೆಟ್ಟಿಗೆ ಇನ್ನೊಂದಕ್ಕಿಂತ ಸುಮಾರು 180 ಮಿಲಿಸೆಕೆಂಡ್ ಹಿಂದೆ ಬೀಳುತ್ತದೆ. ಆಗ ಎರಡು ಕೋಣೆಗಳ ನಡುವೆ ನಿಂತವನಿಗೆ, ಭಜನೆಯಲ್ಲಿ ಹಿಂದಿನ ಸಾಲಿನವರು ಎಳೆದಂತೆ, ಪ್ರತಿ ಪದವೂ ಎರಡೆರಡು ಸಲ ಕೇಳುತ್ತದೆ. ಪೆಟ್ಟಿಗೆಗಳು ಆಗಾಗ ಹೊತ್ತು ಹೊಂದಿಸಿಕೊಳ್ಳುತ್ತಲೇ ಇರಬೇಕು. ಸಾಲದ್ದಕ್ಕೆ ಹಾಲು ಬಿಸಿಮಾಡುವ ಮೈಕ್ರೋವೇವ್ ಒಲೆಗೂ ನಮ್ಮ ವೈ-ಫೈಗೂ ಒಂದೇ ತರಂಗಾಂತರ, 2.4 ಗಿಗಾಹರ್ಟ್ಸ್ ಆಸುಪಾಸು. ಒಲೆ ಗುಂಯ್ ಎಂದಾಗ ಪಲ್ಲವಿ ಮುಗ್ಗರಿಸುತ್ತದೆ. ಕಾಫಿಗೆ ಹಾಲು ಬೇಕೋ, ಹಾಡು ಬೇಕೋ ಎಂಬ ಪ್ರಶ್ನೆ ಬಂದರೆ ನಮ್ಮ ಮನೆಯಲ್ಲಿ ಚರ್ಚೆಗೆ ಅವಕಾಶವಿಲ್ಲ.

ಇಷ್ಟೆಲ್ಲ ಆದಮೇಲೆ ಮನೆಯವರೆಲ್ಲರ ಫೋನಿಗೂ ಆ್ಯಪ್ ಬಂತು. ಪ್ರತಿಯೊಬ್ಬರೂ ತಮ್ಮ ಕೋಣೆಗೆ ತಮಗೆ ಬೇಕಾದ್ದನ್ನು ಹಾಕಿಕೊಳ್ಳಬಹುದು. ಹಾಕಿಕೊಂಡರು ಕೂಡ. ಏನೂ ತಕರಾರಿಲ್ಲ. ಆದರೆ ಬೇಕಾದ್ದನ್ನೇ ಆರಿಸಿಕೊಂಡು ಕೇಳುವಾಗ ಮನುಷ್ಯ ಪರೀಕ್ಷಕನಾಗಿಬಿಡುತ್ತಾನೆ. ಅರ್ಧ ಪಲ್ಲವಿಗೇ ‘ಇದು ಬೇಡ, ಮುಂದಿನದು’. ಅದರ ಚರಣ ಬರುವ ಮೊದಲೇ ಇನ್ನೊಂದು. ಪಕ್ಕದ ಕೋಣೆಯಿಂದ ಬರುವ ಹಾಡಿನ ಮೇಲೆ ಈ ಅಧಿಕಾರ ನಡೆಯುವುದಿಲ್ಲ. ಅದು ಪೂರ್ತಿ ಬರುತ್ತದೆ, ನಾಳೆಯೂ ಬರುತ್ತದೆ. ಗೋಡೆ ಮೊದಲು ತಡೆಯುವುದು ಮೇಲಿನ ಸ್ಥಾಯಿಯ ಕಂಪನಗಳನ್ನು. ಹಾಗಾಗಿ ವ್ಯಂಜನಗಳೆಲ್ಲ ಗೋಡೆಯಲ್ಲೇ ಉಳಿದು ಸ್ವರ ಮಾತ್ರ ಈಚೆ ದಾಟುತ್ತದೆ. ಉಳಿದದ್ದನ್ನು ಕಿವಿ ತಾನೇ ತುಂಬಿಕೊಳ್ಳಬೇಕು. ತುಂಬಿಕೊಂಡದ್ದು ಮರೆಯುವುದಿಲ್ಲ.

ನಮ್ಮ ಮನೆಯಲ್ಲಿ ಸಾಕ್ಷಿ ಇದೆ. ಶಾಸ್ತ್ರೀಯ ಸಂಗೀತವೆಂದರೆ ಇಯರ್‌ಫೋನ್ ಹುಡುಕುವ ಮಗ ಸ್ನಾನ ಮಾಡುತ್ತ ಭೈರವಿ ಸ್ವರಜತಿಯನ್ನು ಶಿಳ್ಳೆ ಹಾಕುತ್ತಾನೆ. ಹಾಗೆಂದರೆ “ಸುಮ್ನಿರಪ್ಪ” ಎನ್ನುತ್ತಾನೆ. ಅಮ್ಮ ಸೊಪ್ಪು ಬಿಡಿಸುತ್ತ ಗುನುಗುವುದು ಯಾವ ದಾಸರ ಪದ ಎಂದು ಹತ್ತಿರ ಹೋಗಿ ಕೇಳಿದರೆ ಅದು ಮೊಮ್ಮಗನ ಕನ್ನಡ ರ್‍ಯಾಪ್. ಅವಳ ಕೋಣೆಗೇ ಅದನ್ನು ಹಾಕಿಕೊಡಲು ಅವನು ಮುಂದಾದ. “ಅಯ್ಯೋ, ಇಲ್ಲಿ ಬೇಡಪ್ಪ, ಅಲ್ಲೇ ಇರಲಿ” ಎಂದಳು. ಅಡುಗೆಮನೆಯಲ್ಲಿ ಚಟ್ನಿ ರುಬ್ಬುವಾಗಲೂ ಅಷ್ಟೇ. ಹಾಲಿನಲ್ಲಿ ಯಾವುದೋ ಒಂದು ಸಂಗತಿ ಬರುವ ಹೊತ್ತಿಗೆ ಮಿಕ್ಸಿ ನಿಲ್ಲಿಸಿ, ಅದು ಮುಗಿದೊಡನೆ ಮತ್ತೆ ಗುಂಡಿ ತಿರುಗಿಸುತ್ತಾಳೆ. ಎರಡು ಮೊಳ ದೂರದಲ್ಲಿರುವ ಅವಳದೇ ಸ್ಪೀಕರು ತೆಪ್ಪಗಿರುತ್ತದೆ.

ಆದ್ದರಿಂದ ಆ್ಯಪ್ ಬರೆಯುವವರಿಗೆ ನನ್ನದೊಂದು ಸಲಹೆಯಿದೆ: ‘ನನ್ನ ಕೋಣೆ’, ‘ಎಲ್ಲ ಕೋಣೆ’ ಎಂಬ ಗುಂಡಿಗಳ ಜೊತೆಗೆ ‘ಪಕ್ಕದ ಕೋಣೆ’ ಎಂದೂ ಒಂದಿರಲಿ. ನಾವು ಎಲ್ಲಿಲ್ಲವೋ ಅಲ್ಲಿ ಅದು ಹಾಡಬೇಕು. ಈ ಯೋಚನೆಯನ್ನು ಹೆಂಡತಿಯ ಮುಂದಿಟ್ಟೆ. ಅವಳು ಫೋನಿನಿಂದ ಕಣ್ಣೆತ್ತದೆ ಹೇಳಿದಳು: “ಅದಕ್ಕೆ ಗುಂಡಿ ಯಾಕ್ರೀ? ನೀವು ಎದ್ದು ಆಚೆ ಹೋದರೆ ಆಯ್ತಲ್ಲ.”