ಬಿದ್ದರೂ ಮೀಸೆ ಮಣ್ಣಾಗದ ಇನ್‌ಸ್ಪೆಕ್ಟರ್

(ಒಂದು ಕಾಲ್ಪನಿಕ ಸಂದರ್ಶನ)

1963ರ ‘ದಿ ಪಿಂಕ್ ಪ್ಯಾಂಥರ್’ ಚಿತ್ರದಲ್ಲಿ ಫ್ರೆಂಚ್ ಪೊಲೀಸ್ ಇನ್‌ಸ್ಪೆಕ್ಟರ್ ಜಾಕ್ ಕ್ಲೂಸೋ ಮೊದಲು ಕಾಣಿಸಿಕೊಳ್ಳುವುದು ತನ್ನ ಕಚೇರಿಯಲ್ಲಿ. ಕಳ್ಳನ ಜೊತೆಗಾತಿಯನ್ನು ಪತ್ತೆಹಚ್ಚಲೇಬೇಕು ಎಂದು ಘನಗಂಭೀರವಾಗಿ ಸಾರುತ್ತಾ ಪಕ್ಕದ ಗ್ಲೋಬನ್ನು ಗಿರ್ರನೆ ತಿರುಗಿಸುತ್ತಾನೆ. ಅದು ಇನ್ನೂ ತಿರುಗುತ್ತಿರುವಾಗಲೇ ಅದರ ಮೇಲೆ ಕೈಯೂರುತ್ತಾನೆ. ಮರುಕ್ಷಣ ಸಾಹೇಬರು ನೆಲದ ಮೇಲೆ. ಆ ಗ್ಲೋಬು ಈಗ ನಿವೃತ್ತ. ಸಂದರ್ಶನಕ್ಕೆ ಒಪ್ಪಿತಾದರೂ ಒಂದು ಷರತ್ತು ಹಾಕಿತು: ಮಾತಿನ ಮಧ್ಯೆ ಯಾರೂ ಮೈ ಮುಟ್ಟಬಾರದು.

ಪ್ರಶ್ನೆ: ಅಂದು ಇನ್‌ಸ್ಪೆಕ್ಟರನ್ನು ಬೀಳಿಸಿದ್ದು ನೀವೇ ಎಂಬ ಆರೋಪವಿದೆಯಲ್ಲ?

ಗ್ಲೋಬು: ಇಲಾಖೆಯ ಪದ್ಧತಿಯೇ ಇದು. ತಿರುಗಿಸಿದವರು ಸಾಹೇಬರು, ಕೈಯೂರಿದವರು ಸಾಹೇಬರು, ಬಿದ್ದವರೂ ಸಾಹೇಬರು. ಆರೋಪಿ ಮಾತ್ರ ನಾನು. ತಿರುಗುವುದು ಭೂಮಿಯ ಧರ್ಮ. ಹಾಗೆಂದು ಹೇಳಿದ್ದಕ್ಕೆ ಗೆಲಿಲಿಯೋ ಮೇಲೇ ಕೇಸು ಹಾಕಿದವರಿದ್ದಾರೆ, ನನ್ನದೇನು ಮಹಾ!

ಪ್ರಶ್ನೆ: ಒಬ್ಬ ಮನುಷ್ಯ ಬಿದ್ದರೆ ನಗುವಂಥದ್ದೇನಿದೆ?

ಗ್ಲೋಬು: ಬೀಳುವುದರಲ್ಲಿ ಏನೂ ಇಲ್ಲ. ಬಚ್ಚಲಮನೆಯಲ್ಲಿ ಅಜ್ಜಿ ಜಾರಿದರೆ ಯಾರಾದರೂ ನಗುತ್ತಾರೆಯೇ? ನಗು ಇರುವುದು ಎದ್ದಮೇಲಿನ ಮುಖದಲ್ಲಿ. ಕ್ಲೂಸೋ ಎದ್ದು ಕೋಟು ಸರಿಮಾಡಿಕೊಂಡು, ಏನೂ ನಡೆದೇ ಇಲ್ಲವೆಂಬಂತೆ ಮಾತು ಮುಂದುವರಿಸುತ್ತಾನೆ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತೀರಲ್ಲ, ಅದನ್ನು ಕಣ್ಣೆದುರು ತೋರಿಸಿದವನು ಇವನೇ. ಆ ಮೀಸೆ ಕೂಡ ಸುಮ್ಮನೆ ಬಂದದ್ದಲ್ಲ. ಇಂಗ್ಲಿಷ್ ಕಡಲ್ಗಾಲುವೆಯನ್ನು 1875ರಲ್ಲಿ ಈಜಿ ದಾಟಿದ ಕ್ಯಾಪ್ಟನ್ ವೆಬ್‌ನ ಚಿತ್ರ ಬೆಂಕಿಪೊಟ್ಟಣದ ಮೇಲಿತ್ತು. ಅದನ್ನು ನೋಡಿಯೇ ಮೀಸೆ ಅಂಟಿಸಿಕೊಂಡೆ ಎಂದು ನಟ ಪೀಟರ್ ಸೆಲ್ಲರ್ಸ್ ಹೇಳಿಕೊಂಡದ್ದುಂಟು. ಸಾಹಸಿಯ ಮೀಸೆ, ಬೀಳುವವನ ಮುಖ: ಅರ್ಧ ಪಾತ್ರ ಅಲ್ಲಿಗೇ ಮುಗಿಯಿತು.

ಪ್ರಶ್ನೆ: ಆ ಪಾತ್ರ ಮೊದಲು ಬೇರೆಯವರದಾಗಿತ್ತಂತೆ?

ಗ್ಲೋಬು: ಹೌದು, ಪೀಟರ್ ಉಸ್ತಿನೋವ್ ಅವರದು. ಅವರು ಕೈಬಿಟ್ಟರು, ಸೆಲ್ಲರ್ಸ್ ಬಂದರು. ಪೆದ್ದ ಪತ್ತೇದಾರ ಬೇಡವೆಂದ ಉಸ್ತಿನೋವ್ ಮುಂದೆ 1978ರಲ್ಲಿ ‘ಡೆತ್ ಆನ್ ದ ನೈಲ್’ ಚಿತ್ರಕ್ಕೆ ಜಾಣ ಪತ್ತೇದಾರ ಹರ್ಕ್ಯೂಲ್ ಪೊಯ್‌ರೋ ಆದರು. ತಮಾಷೆಯೆಂದರೆ ನಮ್ಮ ಚಿತ್ರದ ನಾಯಕ ಕ್ಲೂಸೋ ಅಲ್ಲವೇ ಅಲ್ಲ. ವಜ್ರ ಕದಿಯುವ ಠೀವಿಯ ಕಳ್ಳ ಡೇವಿಡ್ ನಿವೆನ್ ನಾಯಕ. ‘ಪಿಂಕ್ ಪ್ಯಾಂಥರ್’ ಎಂಬುದು ಆ ವಜ್ರದ ಹೆಸರು. ನಿರ್ದೇಶಕ ಬ್ಲೇಕ್ ಎಡ್ವರ್ಡ್ಸ್ ಸೆಲ್ಲರ್ಸ್‌ಗೆ ಬೀಳಲು ಜಾಗ ಬಿಟ್ಟುಕೊಟ್ಟರು, ಸೆಲ್ಲರ್ಸ್ ಸಿನಿಮಾವನ್ನೇ ಎತ್ತಿಕೊಂಡು ಹೋದರು.

ಪ್ರಶ್ನೆ: ಕೊನೆಗೆ ಕಳ್ಳನನ್ನು ಹಿಡಿಯುತ್ತಾನೆ ತಾನೆ?

ಗ್ಲೋಬು: ಯಾರು, ಕ್ಲೂಸೋನೇ? ಮೊದಲ ಚಿತ್ರದ ಕೊನೆಯಲ್ಲಿ ಕಳ್ಳ ಇವನೇ ಎಂದು ತೀರ್ಮಾನವಾಗಿ ಜೈಲಿಗೆ ಹೊರಡುವವನು ಕ್ಲೂಸೋ! ಹೆಂಡತಿಯೇ ಕಳ್ಳನ ಜೊತೆಗಾತಿ, ಅದೂ ಗೊತ್ತಿಲ್ಲ. ದಾರಿಯಲ್ಲಿ ಪೊಲೀಸರು, ಇಷ್ಟೊಂದು ಕಳವು ಹೇಗೆ ಮಾಡಿದಿರಿ ಎಂದು ಬೆರಗಿನಿಂದ ಕೇಳುತ್ತಾರೆ. ಅಷ್ಟು ಹೊತ್ತಿಗೆ ಹೆಣ್ಣುಮಕ್ಕಳು ತನ್ನ ಮೇಲೆ ಮುಗಿಬೀಳುತ್ತಿರುವುದನ್ನು ಕಂಡ ಸಾಹೇಬರು, ಅದೇನು ಸುಲಭವಾಗಿರಲಿಲ್ಲ ಎನ್ನುತ್ತಾರೆ. ಮಾಡದ ಕೆಲಸದ ಕೀರ್ತಿಯನ್ನೂ ಬಿಡಲಿಲ್ಲ. ಇಂಥವರು ನಿಮ್ಮ ಆಫೀಸಿನಲ್ಲಿ ಇಲ್ಲವೆಂದು ಎದೆ ಮುಟ್ಟಿ ಹೇಳಿ ನೋಡೋಣ.

ಪ್ರಶ್ನೆ: ಹಾಗಾದರೆ ಇಡೀ ಇಲಾಖೆಯಲ್ಲಿ ಬುದ್ಧಿವಂತರೇ ಇಲ್ಲವೆ?

ಗ್ಲೋಬು: ಒಬ್ಬರಿದ್ದರು, ಮೇಲಧಿಕಾರಿ ಡ್ರೈಫಸ್. 1964ರ ‘ಎ ಶಾಟ್ ಇನ್ ದ ಡಾರ್ಕ್’ನಲ್ಲಿ ಹರ್ಬರ್ಟ್ ಲೋಮ್ ಆ ಪಾತ್ರಕ್ಕೆ ಬಂದರು. ಕ್ಲೂಸೋ ದಡ್ಡ ಎಂಬ ಸತ್ಯ ಸ್ಪಷ್ಟವಾಗಿ ಗೊತ್ತಿದ್ದದ್ದು ಅವರಿಗೆ. ಫಲವೇನು? ಕಣ್ಣು ಅದುರತೊಡಗಿತು. ಸಿಗಾರ್ ಕತ್ತರಿಸಲು ಹೋಗಿ ಹೆಬ್ಬೆರಳು ಕತ್ತರಿಸಿಕೊಂಡರು. 1976ರ ‘ಪಿಂಕ್ ಪ್ಯಾಂಥರ್ ಸ್ಟ್ರೈಕ್ಸ್ ಎಗೇನ್’ ಹೊತ್ತಿಗೆ ಅವರು ಹುಚ್ಚಾಸ್ಪತ್ರೆಯಲ್ಲಿ, ಅವರ ಕುರ್ಚಿಯಲ್ಲಿ ಕ್ಲೂಸೋ. ಸತ್ಯ ಬಲ್ಲವನಿಗೆ ಚಿಕಿತ್ಸೆ, ಅರಿಯದವನಿಗೆ ಬಡ್ತಿ. ಫೈಲು ಹಿಡಿದು ಕಚೇರಿಗಳ ಮೆಟ್ಟಿಲು ಸವೆಸಿದ ಯಾರಿಗೂ ಈ ಹಾಸ್ಯಕ್ಕೆ ಟಿಪ್ಪಣಿ ಬೇಕಾಗಿಲ್ಲ.

ಪ್ರಶ್ನೆ: ಫ್ರೆಂಚರ ಉಚ್ಚಾರಣೆಯನ್ನು ಹಂಗಿಸುವುದೇ ಈ ಚಿತ್ರಗಳ ಬಂಡವಾಳ ಎನ್ನುವವರಿದ್ದಾರೆ.

ಗ್ಲೋಬು: ಫ್ರಾನ್ಸ್ ನನ್ನ ಮೈಮೇಲೇ ಇದೆ, ಅದು ಇದುವರೆಗೆ ದೂರು ಕೊಟ್ಟಿಲ್ಲ. ಗಮನಿಸಿ: ಸುತ್ತಲಿರುವವರೆಲ್ಲ ಫ್ರೆಂಚರೇ, ಆದರೂ ಕ್ಲೂಸೋನ ಫ್ರೆಂಚ್ ಉಚ್ಚಾರಣೆ ಅವರಿಗೇ ಅರ್ಥವಾಗುವುದಿಲ್ಲ! ಅಲ್ಲಿ ನಾವು ನಗುವುದು ದೇಶವನ್ನು ನೋಡಿ ಅಲ್ಲ, ಅಧಿಕಾರದ ಗತ್ತನ್ನು ನೋಡಿ. ಆದರೆ ಇದೇ ಎಡ್ವರ್ಡ್ಸ್–ಸೆಲ್ಲರ್ಸ್ ಜೋಡಿ 1968ರಲ್ಲಿ ‘ದಿ ಪಾರ್ಟಿ’ ಮಾಡಿತು. ಸೆಲ್ಲರ್ಸ್ ಮುಖಕ್ಕೆ ಕಂದುಬಣ್ಣ ಬಳಿದುಕೊಂಡು ಭಾರತೀಯ ನಟನಾದರು. ಅಲ್ಲಿ ಎಡವುವವನ ಕೈಯಲ್ಲಿ ಲಾಠಿ ಇಲ್ಲ, ಅಧಿಕಾರವಿಲ್ಲ. ಅವನು ಪರದೇಶದ ಒಬ್ಬಂಟಿ ಅತಿಥಿ. ಆ ಚಿತ್ರ ನೋಡಿ ನಗುತ್ತಲೇ ಇರಿಸುಮುರಿಸು ಆದರೆ ಅದು ನಿಮ್ಮ ತಪ್ಪಲ್ಲ.

ಪ್ರಶ್ನೆ: ಅಮೆರಿಕದಲ್ಲೂ ಇಂಥ ಒಬ್ಬ ಪೊಲೀಸ್ ಅಧಿಕಾರಿ ಹುಟ್ಟಿದನಲ್ಲ?

ಗ್ಲೋಬು: ಫ್ರ್ಯಾಂಕ್ ಡ್ರೆಬಿನ್! 1982ರಲ್ಲಿ ಎಬಿಸಿ ವಾಹಿನಿಯ ‘ಪೊಲೀಸ್ ಸ್ಕ್ವಾಡ್’ ಧಾರಾವಾಹಿಯಲ್ಲಿ ಬಂದವನು. ಆರೇ ಕಂತಿಗೆ ಅದರ ಕಥೆ ಮುಗಿಯಿತು. ವಾಹಿನಿಯವರು ಕೊಟ್ಟ ಕಾರಣ ಕೇಳಿ: ಪ್ರೇಕ್ಷಕರು ಇದನ್ನು ಗಮನವಿಟ್ಟು ನೋಡಬೇಕಾಗುತ್ತದೆ! ಆ ಕಾಲದ ಧಾರಾವಾಹಿಗಳು ಕೊನೆಯಲ್ಲಿ ನಗುವ ಮುಖಗಳನ್ನು ಪರದೆಯ ಮೇಲೆ ಸ್ತಬ್ಧಚಿತ್ರವಾಗಿ ನಿಲ್ಲಿಸಿ ಹೆಸರುಗಳನ್ನು ಓಡಿಸುತ್ತಿದ್ದವು. ಇವರು ಕ್ಯಾಮೆರಾ ನಿಲ್ಲಿಸಲಿಲ್ಲ. ನಟರೇ ಉಸಿರು ಬಿಗಿಹಿಡಿದು ಅಲುಗಾಡದೆ ನಿಂತರು. ಒಂದು ಕಂತಿನಲ್ಲಿ ಸುರಿಯುತ್ತಿರುವ ಕಾಫಿ ಲೋಟ ತುಂಬಿ ಹೊರಚೆಲ್ಲುತ್ತದೆ, ಯಾರೂ ಕದಲುವುದಿಲ್ಲ. ಇನ್ನೊಂದರಲ್ಲಿ ಎಲ್ಲರೂ ಕಲ್ಲಾದದ್ದನ್ನು ಕಂಡ ಆರೋಪಿ ಪಾರಾಗಲು ದಾರಿ ಹುಡುಕುತ್ತಾನೆ. ಅಣಕವೆಂದರೆ ಇದು. ಮೂಲದ ಪ್ರತಿ ಅಭ್ಯಾಸವನ್ನೂ ಭಕ್ತನಷ್ಟು ಬಲ್ಲವನೇ ಅದನ್ನು ಅಣಕಿಸಬಲ್ಲ.

ಪ್ರಶ್ನೆ: ಡ್ರೆಬಿನ್ ಆದ ಲೆಸ್ಲಿ ನೀಲ್ಸನ್ ಮೊದಲಿಂದಲೂ ಹಾಸ್ಯನಟರೇ?

ಗ್ಲೋಬು: ಗುಟ್ಟಿರುವುದೇ ಅಲ್ಲಿ. ಅವರು ದಶಕಗಳ ಕಾಲ ಗಂಭೀರ ಪಾತ್ರ ಮಾಡಿದವರು. ‘ಪೊಸೈಡನ್ ಅಡ್ವೆಂಚರ್’ನಲ್ಲಿ ಹಡಗಿನ ಕ್ಯಾಪ್ಟನ್. 1980ರ ‘ಏರ್‌ಪ್ಲೇನ್’ನಿಂದ ಅವರ ದಿಕ್ಕು ಬದಲಾಯಿತು, ಅದರ ನಿರ್ದೇಶಕರಾದ ಜಿಮ್ ಅಬ್ರಹಾಮ್ಸ್ ಮತ್ತು ಝುಕರ್ ಸಹೋದರರು ಕೇಳಿದ್ದು ಅದೇ ಹಳೆಯ ಗಾಂಭೀರ್ಯವನ್ನು. 1988ರ ‘ದಿ ನೇಕೆಡ್ ಗನ್’ನಲ್ಲಿ ಡ್ರೆಬಿನ್ ಕಾರು ನಿಲ್ಲಿಸಲು ಹೋಗಿ ಏನಾದರೊಂದಕ್ಕೆ ಗುದ್ದುತ್ತಾನೆ, ಮುಖದ ಒಂದು ಗೆರೆಯೂ ಅಲುಗುವುದಿಲ್ಲ. ತಾನು ತಮಾಷೆಯವನೆಂದು ನಟನಿಗೆ ಗೊತ್ತಾದ ದಿನ ಪಾತ್ರ ಸತ್ತಿತು ಅಂತ ತಿಳಿಯಿರಿ. ಕ್ಲೂಸೋ ವೇಷವನ್ನು ಆಮೇಲೆ ತೊಟ್ಟವರು ಸೋತದ್ದು ಇದರಿಂದಲೇ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಈ ವಂಶದ ಮೂಲಪುರುಷ ಯಾರು?

ಗ್ಲೋಬು: ಕೇಳಿದರೆ ನಾನು ಬಸ್ಟರ್ ಕೀಟನ್ ಕಡೆ ಬೆರಳು ತೋರಿಸುತ್ತೇನೆ. 1924ರ ‘ಶೆರ್ಲಾಕ್ ಜೂನಿಯರ್’ನಲ್ಲಿ ಅವನು ಚಿತ್ರಮಂದಿರದ ಪ್ರೊಜೆಕ್ಟರ್ ಆಪರೇಟರ್, ಪತ್ತೇದಾರನಾಗುವ ಹುಚ್ಚು. ಶಂಕಿತನನ್ನು ಹತ್ತಿರದಿಂದ ಹಿಂಬಾಲಿಸು ಎಂದು ಅವನ ಪತ್ತೇದಾರಿಕೆಯ ಪುಸ್ತಕ ಹೇಳುತ್ತದೆ. ಇವನು ಒಂದೇ ಹೆಜ್ಜೆ ಹಿಂದೆ, ಅವನ ನೆರಳಿನಂತೆ ಕಾಲಿಗೆ ಕಾಲು ಹೊಂದಿಸಿ ನಡೆಯುತ್ತಾನೆ. ಇವನು ಕನಸು ಕಾಣುತ್ತಿರುವಾಗ, ಗಿರವಿ ಅಂಗಡಿಗೆ ಹೋಗಿ ನಿಜವಾದ ಕಳ್ಳನನ್ನು ಪತ್ತೆಹಚ್ಚುವವಳು ಪ್ರೇಯಸಿ. ಚಿತ್ರೀಕರಣದಲ್ಲಿ ರೈಲಿಗೆ ನೀರು ತುಂಬಿಸುವ ಕೊಳವೆಯ ರಭಸಕ್ಕೆ ಸಿಕ್ಕಿ ಕೀಟನ್‌ನ ಕತ್ತಿನ ಮೂಳೆ ಮುರಿದಿತ್ತು. ಎಷ್ಟೋ ವರ್ಷಗಳ ನಂತರ ಎಕ್ಸ್‌ರೇ ತೆಗೆದಾಗಲೇ ಅದು ಗೊತ್ತಾದದ್ದು. ಬೀಳುವುದು ಹುಡುಗಾಟ ಎಂದುಕೊಂಡವರಿಗೆ ಇದನ್ನು ಹೇಳಿ.

ಪ್ರಶ್ನೆ: ನಮ್ಮ ಕನ್ನಡದ ಪತ್ತೇದಾರರ ಬಗ್ಗೆ?

ಗ್ಲೋಬು: 1968ರ ‘ಜೇಡರ ಬಲೆ’, ‘ಗೋವಾದಲ್ಲಿ ಸಿಐಡಿ 999’ ಚಿತ್ರಗಳ ರಾಜ್‌ಕುಮಾರ್ ಜೇಮ್ಸ್ ಬಾಂಡ್ ಬಳಗದವರು, ಅವರ ಕ್ರಾಪು ಕೆದರುವುದಿಲ್ಲ. 2019ರ ‘ಬೆಲ್ ಬಾಟಮ್’ನಲ್ಲಿ ರಿಷಬ್ ಶೆಟ್ಟಿಯವರ ಡಿಟೆಕ್ಟಿವ್ ದಿವಾಕರ ನಗಿಸಿದ, ಆದರೆ ಕೊನೆಗೆ ಜಾಣನಾಗಿ ಕೇಸು ಬಿಡಿಸಿಯೇಬಿಟ್ಟ. ನಿಮ್ಮಲ್ಲಿ ನಾಯಕ ಬೀಳುವಂತಿಲ್ಲ. ಬೀಳುವ ಡ್ಯೂಟಿ ಪಕ್ಕದಲ್ಲಿರುವ ಡೊಳ್ಳುಹೊಟ್ಟೆಯ ಪೇದೆಯದು. ಸಾಹೇಬರೇ ಬೀಳಲು ನಿಮ್ಮ ಅಭಿಮಾನಿ ಸಂಘಗಳು ಅನುಮತಿ ಕೊಡಬೇಕಲ್ಲ!

ಪ್ರಶ್ನೆ: ಸೆಲ್ಲರ್ಸ್ 1980ರಲ್ಲಿ ತೀರಿಕೊಂಡರು. ಆಮೇಲೆ?

ಗ್ಲೋಬು: ಸತ್ತ ಮೇಲೂ ಡ್ಯೂಟಿ ಹಾಕಿದರು. ಹಳೆಯ ಚಿತ್ರಗಳಲ್ಲಿ ಬಳಸದೆ ಉಳಿದಿದ್ದ ತುಣುಕುಗಳನ್ನು ಜೋಡಿಸಿ 1982ರಲ್ಲಿ ‘ಟ್ರೇಲ್ ಆಫ್ ದ ಪಿಂಕ್ ಪ್ಯಾಂಥರ್’ ಬಿಡುಗಡೆ ಮಾಡಿದರು. ಸೆಲ್ಲರ್ಸ್ ಪತ್ನಿ ಅದರ ವಿರುದ್ಧ ಕೋರ್ಟಿಗೆ ಹೋಗಿ ಗೆದ್ದರು. ಇಡೀ ಸರಣಿಯಲ್ಲಿ ಸರಿಯಾದ ಅಪರಾಧಿ ಸಿಕ್ಕಿಬಿದ್ದ ಕೇಸು ಇದೊಂದೇ ಇರಬೇಕು.

ಪ್ರಶ್ನೆ: ಓದುಗರಿಗೆ ಏನು ಹೇಳುತ್ತೀರಿ?

ಗ್ಲೋಬು: ಹೊಸಬರು ‘ಎ ಶಾಟ್ ಇನ್ ದ ಡಾರ್ಕ್’ನಿಂದ ಶುರುಮಾಡಲಿ. ನೋಡುವಾಗ ಬಿದ್ದವನನ್ನು ಬಿಟ್ಟು, ಬಿದ್ದದ್ದನ್ನು ಕಂಡೂ ಕಾಣದಂತೆ ನಿಂತ ಸುತ್ತಲಿನವರ ಮುಖ ನೋಡಿ. ದೊಡ್ಡವರ ಎಡವಟ್ಟಿಗೆ ನಿಜಜೀವನದಲ್ಲಿ ನೀವೂ ನಾನೂ ನಿಲ್ಲುವುದು ಹಾಗೆಯೇ, ನಗು ನುಂಗಿಕೊಂಡು. ಚಿತ್ರಮಂದಿರದಲ್ಲಿ ಅದನ್ನು ನುಂಗಬೇಕಾಗಿಲ್ಲ, ಜೋರಾಗಿ ನಕ್ಕುಬಿಡಿ.